ಎಚಿಜೆನ್‌ನ ಒದ್ದೆ ಕಾಗದ

ಕ್ಯೋಟೋದಲ್ಲಿ ಥಂಡರ್‌ಬರ್ಡ್ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಕೆಟ್ಟುಹೋದ ಹನ್ನೊಂದು ಅಚ್ಚುಗಳಿದ್ದವು. ಮೈಸೂರಿನಲ್ಲಿ ಗ್ರಾಫಿಕ್ಸ್ ಕಲಿಯುವಾಗ ಮರದಚ್ಚು ಎಂದರೆ ನನಗೆ ಪ್ರಾಣ. ಆಮೇಲೆ ಬ್ಯಾಂಕಿನ ಕೆಲಸ, ವರ್ಗಾವಣೆ, ಮನೆ ಸಾಲ. ಇಪ್ಪತ್ತೆರಡು ವರ್ಷ ಉಳಿ ಮುಟ್ಟಲಿಲ್ಲ. ಸ್ವಯಂನಿವೃತ್ತಿ ಪಡೆದು ಮತ್ತೆ ಹಲಗೆಯ ಮುಂದೆ ಕೂತೆ. ಕೆತ್ತನೆಯನ್ನು ಕೈ ಮರೆತಿರಲಿಲ್ಲ. ಆದರೆ ಈ ಸಲ ಎಣ್ಣೆ ಶಾಯಿ ಬಿಟ್ಟು ಜಪಾನಿ ಪದ್ಧತಿಯ ನೀರುಬಣ್ಣ ಹಿಡಿದಿದ್ದೆ, ಒತ್ತಿದ್ದೆಲ್ಲ ಮಚ್ಚೆಮಚ್ಚೆ. ಹಲಗೆ ಬದಲಿಸಿದೆ, ಉಳಿ ಮಸೆದೆ, ಪ್ರಯೋಜನವಾಗಲಿಲ್ಲ. ಕ್ಯೋಟೋದಲ್ಲಿ ಓದುತ್ತಿರುವ ಮಗಳು ಫೋನಿನಲ್ಲಿ, "ಅಪ್ಪಾ, ಕಾಗದ ಮಾಡೋ ಊರಿಗೇ ಹೋಗಿ ಕೇಳೋಣ, ಬಾ" ಅಂದಳು.

ಬಲಗಡೆ ಬಿವಾ ಸರೋವರ ಬಹಳ ಹೊತ್ತು ಜೊತೆಗೇ ಬಂತು. ತ್ಸುರುಗದಲ್ಲಿ ಇಳಿದು ಶಿಂಕಾನ್ಸೆನ್ ಹತ್ತಿದರೆ ಮುಂದಿನ ನಿಲ್ದಾಣವೇ ಎಚಿಜೆನ್-ತಾಕೆಫು. 2024ರ ಮಾರ್ಚ್‌ನಲ್ಲಿ ತೆರೆದದ್ದು. ಅಲ್ಲಿಂದ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ ಕಾಗದದ ಹಳ್ಳಿ. ಫೆಬ್ರವರಿಯ ಹಿಮ ಮಾಡುಗಳ ಮೇಲೆ ಕೂತಿತ್ತು.

ಮೊದಲು ಓಕಾಮೋಟೋ ಓಟಾಕಿ ದೇಗುಲಕ್ಕೆ ಹೋದೆವು. ಇಲ್ಲಿರುವವಳು ಕಾಗದದ ದೇವಿ, ಕವಾಕಾಮಿ ಗೋಝೆನ್. ಸಾವಿರದೈನೂರು ವರ್ಷಗಳ ಹಿಂದೆ ಹೊಳೆಯ ಮೇಲ್ಭಾಗದಲ್ಲಿ ಕಾಣಿಸಿಕೊಂಡ ಹೆಣ್ಣೊಬ್ಬಳು, ಗದ್ದೆ ಕಡಿಮೆಯಿರುವ ಈ ಊರಿಗೆ ಒಳ್ಳೆಯ ನೀರಿದೆಯಲ್ಲ ಎಂದು ಕಾಗದ ಮಾಡುವುದನ್ನು ಕಲಿಸಿದಳಂತೆ. 1843ರಲ್ಲಿ ಕಟ್ಟಿದ ಗುಡಿಯ ಮಾಡುಗಳು ಅಲೆಯ ಮೇಲೆ ಅಲೆ ಬಂದಂತೆ ಒಂದರ ಮೇಲೊಂದು ಏರಿವೆ.

ಕಾರ್ಯಾಗಾರದಲ್ಲಿ ಕೋಜೋ ನಾರು ಕಂಡೆ. ಅದು ನಮ್ಮ ಹಿಪ್ಪುನೇರಳೆಯ ಬಳಗದ ಗಿಡ. ಬೇಯಿಸಿದ ತೊಗಟೆಯನ್ನು ತಣ್ಣೀರಿನಲ್ಲಿ ಬಿಟ್ಟು, ವಯಸ್ಸಾದ ಹೆಂಗಸರು ಕಸದ ಚುಕ್ಕೆಗಳನ್ನು ಒಂದೊಂದಾಗಿ ಆರಿಸುತ್ತಿದ್ದರು, ಬೆರಳುಗಳು ಕೆಂಪೇರಿದ್ದವು. ತೊಟ್ಟಿಯ ನೀರಿಗೆ ಬೆಂಡೆಯ ಜಾತಿಯದೇ ಆದ ಗಿಡವೊಂದರ ಬೇರಿನ ಲೋಳೆ ಬೆರೆಸುತ್ತಾರೆ. ನಾರು ತಳಕ್ಕಿಳಿಯದೆ ತೇಲುವುದು ಆ ಲೋಳೆಯಿಂದಲೇ. ಸೆಕೆಯಲ್ಲಿ ಲೋಳೆ ಬೇಗ ಸತ್ತುಹೋಗುವುದರಿಂದ ಚಳಿಗಾಲದ ಕಾಗದಕ್ಕೆ ಹೆಚ್ಚು ಮರ್ಯಾದೆ. ಉಕಿಯೋ-ಎ ಎಂಬ ಜಪಾನಿ ಮರದಚ್ಚುಗಳಿಗೆ ಒದಗುವ ಹೋಶೋ ಕಾಗದ ಈ ಊರಿನದು. ಅದನ್ನು ಮಾಡುವ ಒಂಬತ್ತನೆಯ ಇವಾನೋ ಇಚಿಬೇಯ್ ಅವರನ್ನು ಜಪಾನ್ 2000ದಲ್ಲಿ ಜೀವಂತ ರಾಷ್ಟ್ರೀಯ ನಿಧಿ ಎಂದು ಗೌರವಿಸಿತು.

ಹಿರಿಯರೊಬ್ಬರ ಮುಂದೆ ನನ್ನ ಅಚ್ಚುಗಳನ್ನು ಹರವಿದೆ. ಅವರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹಿಂಬದಿ ಸವರಿದರು, ಮಗಳನ್ನು ಏನೋ ಕೇಳಿದರು.

"ಕಾಗದ ಯಾವಾಗ ಒದ್ದೆ ಮಾಡಿದ್ರಿ ಅಂತಿದಾರೆ, ಅಪ್ಪಾ."

"ಒತ್ತೋ ಮುಂಚೆ. ಬ್ರಷ್‌ನಿಂದ."

ಅವರು ತಲೆಯಾಡಿಸಿ ಮಾಡಿ ತೋರಿಸಿದರು. ಅಂಟು, ಪಟಿಕ ಸವರಿ ಒಣಗಿಸಿದ ಕಾಗದಕ್ಕೆ ಹಿಂದಿನ ಸಂಜೆಯೇ ನೀರು ಹಚ್ಚಬೇಕು. ಒಂದರ ಮೇಲೊಂದು ಪೇರಿಸಿ, ಸುತ್ತಿ, ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಎಲ್ಲ ಹಾಳೆಗಳಲ್ಲೂ ಒಂದೇ ಹದದ ತೇವ. ಮುಟ್ಟಿದರೆ ತಂಪು, ಆದರೆ ಬೆರಳಿಗೆ ನೀರು ಅಂಟಬಾರದು. ಅಂಥ ಒಂದು ಹಾಳೆಯನ್ನು ನನ್ನ ಅಂಗೈ ಮೇಲಿಟ್ಟರು. ಈಗಷ್ಟೇ ಮಿಂದ ಮಗುವಿನ ಕೆನ್ನೆಯ ಹಾಗಿತ್ತು.

ಮೈಸೂರಿಗೆ ಬಂದ ವಾರವೇ ಒಂದು ಸಂಜೆ ಹನ್ನೆರಡು ಹಾಳೆ ನೆನೆಸಿಟ್ಟೆ. ಬೆಳಿಗ್ಗೆ ಹಲಗೆಗೆ ಬಣ್ಣ, ಚಿಟಿಕೆ ಅಕ್ಕಿಗಂಜಿ; ಮೂಲೆಯ ಕೆಂಟೋ ಗುರುತಿಗೆ ಕಾಗದ ಕೂರಿಸಿ ಬಾರೆನ್ ಎಂಬ ಉಜ್ಜುಬಿಲ್ಲೆಯಿಂದ ಉಜ್ಜಿದೆ. ಒಂಬತ್ತು ಅಚ್ಚುಗಳು ಮಚ್ಚೆಯಿಲ್ಲದೆ ಎದ್ದವು.

ಹಲಗೆ, ಉಳಿಗಳನ್ನು ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಮರೆತವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಇಳಿಸಿಕೊಳ್ಳಿ. ಕೈ ಹೋಗಿಬಿಟ್ಟಿದೆ ಎಂದು ಹೆದರಬೇಡಿ, ಅದು ಹೋಗಿರುವುದಿಲ್ಲ. ಅಚ್ಚಿನ ಕೆಲಸ ಹಿಂದಿನ ಸಂಜೆಯೇ ಶುರುವಾಗುತ್ತದೆ ಎಂಬುದೊಂದನ್ನು ನೆನಪಿಟ್ಟು, ಇವತ್ತು ಕಾಗದ ನೆನೆಸಿ.