ಹೊಯಿಚಿಯ ಕಂಠ ಯಾರದು?

ನಮ್ಮ ಹೀರೋಗಳಿಗೆ ಹಿನ್ನೆಲೆಯಲ್ಲಿ ಹಾಡಿದ್ದು ಯಾರು ಅಂತ ಕೇಳಿದರೆ ನಾವೆಲ್ಲ ನಿದ್ದೆಗಣ್ಣಲ್ಲೂ ಹೇಳ್ತೀವಿ. ಈಗೊಂದು ಕಷ್ಟದ ಪ್ರಶ್ನೆ. ಮಸಾಕಿ ಕೊಬಾಯಾಶಿ ನಿರ್ದೇಶಿಸಿದ ಜಪಾನಿ ಚಿತ್ರ 'ಕ್ವೈದಾನ್' (1964) ನೋಡಿದ್ದೀರಾ? ನಾಲ್ಕು ದೆವ್ವದ ಕಥೆಗಳು. 1965ರ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ. ಮೂರನೇ ಕಥೆಯಲ್ಲಿ ಹೊಯಿಚಿ ಎಂಬ ಕುರುಡ ಯುವಕ ಬಿವಾ ನುಡಿಸುತ್ತಾ 1185ರ ದಾನ್-ನೊ-ಉರಾ ಕಡಲ ಕಾಳಗದ ಕಥೆ ಹಾಡುತ್ತಾನೆ. ಕೇಳೋಕೆ ಕೂತವರು ಯಾರು? ಅದೇ ಕಾಳಗದಲ್ಲಿ ಸತ್ತವರು! ಮುಂದೇನಾಯಿತು ನಾನು ಹೇಳೋಲ್ಲ, ನೋಡಿ.

ಪರದೆಯ ಮೇಲಿನ ಮುಖ ಕತ್ಸುವೊ ನಕಮುರಾ ಅವರದು. ಆದರೆ ಆ ಗಡಸು ಕಂಠ, ಎದೆಗೆ ಗುದ್ದುವ ಆ ಬಿವಾ? ಒಬ್ಬ ಹೆಂಗಸಿನದು ಸ್ವಾಮಿ! ಹೆಸರು ಕಿನ್ಶಿ ತ್ಸುರುತಾ.

1911ರಲ್ಲಿ ಹುಟ್ಟಿದ ಈಕೆ ಚಿಕ್ಕಂದಿನಲ್ಲೇ ಬಿವಾ ಕಲಿತು ಹೆಸರು ಮಾಡಿದವರು. ನಡುವೆ ಎಷ್ಟೋ ವರ್ಷ ವಾದ್ಯ ಬದಿಗಿಟ್ಟು ವ್ಯಾಪಾರಕ್ಕಿಳಿದರು. ಕೂದಲು ಕತ್ತರಿಸಿ ಗಂಡಸರ ಉಡುಪಿನಲ್ಲೇ ಓಡಾಡಿದರು. ಮತ್ತೆ ಬಿವಾ ಹಿಡಿದಾಗ ಅದರ ಮೆಟ್ಟಿಲುಗಳನ್ನು ನಾಲ್ಕರಿಂದ ಐದಕ್ಕೆ ಏರಿಸಿದರು. ಬಿವಾ ಮೀಟುವುದು ಬೀಸಣಿಗೆಯಂಥ ಮರದ ತುಂಡಿನಿಂದ. ಅದರ ಹೆಸರು ಬಾಚಿ. ನಮ್ಮ ಬಡಗಿಯ ಬಾಚಿ ಅಲ್ಲ, ಆದರೂ ಈಕೆ ಹೊಡೆಯೋದು ಕೇಳಿದರೆ ಅನುಮಾನ ಬರುತ್ತೆ! ತಂತಿಯ ಜೊತೆಗೆ ವಾದ್ಯದ ಹೊಟ್ಟೆಗೂ ಏಟು.

ಚಿತ್ರದ ಸಂಗೀತ ತೋರು ತಕೆಮಿತ್ಸು ಅವರದು. ಮಜಾ ಅಂದ್ರೆ, ಯುದ್ಧದ ದಿನಗಳ ನೆನಪಿನಿಂದ ಈ ಮನುಷ್ಯನಿಗೆ ತನ್ನ ದೇಶದ ಸಂಗೀತ ಅಂದ್ರೇನೇ ಆಗ್ತಿರಲಿಲ್ಲ. ಅಂಥವರು 1962ರಲ್ಲಿ ಕೊಬಾಯಾಶಿಯವರ 'ಹರಾಕಿರಿ'ಗೆ ಬಿವಾ ಬಳಸಿದರು. ಆಮೇಲೆ ತ್ಸುರುತಾ ಸಿಕ್ಕರು. 1967ರ ನವೆಂಬರ್ 9ರಂದು ನ್ಯೂಯಾರ್ಕಿನಲ್ಲಿ ಸೆಯ್ಜಿ ಒಜಾವಾ ನಡೆಸಿದ ದೊಡ್ಡ ಆರ್ಕೆಸ್ಟ್ರಾದ ಮುಂದೆ ಇಬ್ಬರೇ ಜಪಾನಿ ವಾದಕರು ಕೂತರು: ಬಿವಾಗೆ ತ್ಸುರುತಾ, ಬಿದಿರಿನ ಶಕುಹಾಚಿಗೆ ಕತ್ಸುಯಾ ಯೊಕೊಯಾಮಾ. ಕೃತಿ 'ನವೆಂಬರ್ ಸ್ಟೆಪ್ಸ್'. ಅದರಲ್ಲೊಂದು ಕಡೆ ಆರ್ಕೆಸ್ಟ್ರಾ ಪೂರ್ತಿ ಸುಮ್ಮನಾಗುತ್ತದೆ. ಇವರಿಬ್ಬರ ಮುಂದೆ ಮಾಮೂಲಿ ಸ್ವರಲಿಪಿ ಇಲ್ಲ, ಗೆರೆ-ಗುರುತುಗಳ ಚಿತ್ರ ಅಷ್ಟೇ! ಅದನ್ನು ನೋಡಿ ಅಲ್ಲೇ, ಆ ಕ್ಷಣವೇ ನುಡಿಸಬೇಕು.

ಅದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪ. ನೀಲಗಾರರು ಅವರು. ಹೆಗಲಿಗೆ ತಂಬೂರಿ ಆನಿಸಿ ಮಂಟೇಸ್ವಾಮಿ ಕಥೆ ಎತ್ತಿದರೆ ಬೆಳಕು ಹರಿಯೋವರೆಗೆ. ಮುಂದೆ ಕೂತ ಜನ ನೋಡಿಕೊಂಡು ಕಥೆ ಹಿಗ್ಗಿಸೋರು, ಕುಗ್ಗಿಸೋರು. ಬಿವಾದ ತಂತಿ ಮೆಟ್ಟಿಲಿಗೆ ಉಜ್ಜಿ ಝುಯ್ಯೆನ್ನುತ್ತದಲ್ಲ, ಜಪಾನಿನಲ್ಲಿ ಅದಕ್ಕೆ 'ಸವಾರಿ' ಅಂತಾರೆ. ತಂಬೂರಿಯ ಕುದುರೆ ಮೇಲೆ ಎಳೆ ದಾರ ಸಿಕ್ಕಿಸಿ ದೊಡ್ಡಪ್ಪ ಜೀವ ತರಿಸುತ್ತಿದ್ದದ್ದೂ ಅದೇ ಝೇಂಕಾರಕ್ಕೆ. ಗಣೇಶನ ಹಬ್ಬದಲ್ಲಿ ಕೀಬೋರ್ಡ್ ನುಡಿಸೋ ನನಗೆ ಆ ಸದ್ದು ಯಾವ ಬಟನ್ನಿನಲ್ಲೂ ಸಿಕ್ಕಿಲ್ಲ.

ದೊಡ್ಡಪ್ಪ ತೀರಿಕೊಂಡು ಎರಡು ವರ್ಷ. ತಂಬೂರಿ ಗೂಟಕ್ಕೆ ನೇತಾಡುತ್ತಿದೆ. ಮೊನ್ನೆ ಯಾವುದೋ ರೆಸಾರ್ಟಿನವರು ಬಂದು ಗೋಡೆಗೆ ಅಲಂಕಾರಕ್ಕೆ ಅಂತ ಬೆಲೆ ಕಟ್ಟಿ ಹೋಗಿದ್ದಾರೆ. ನಾನು ಫೋನ್ ಮಾಡಿ, "ಯಾರ್ಗೂ ಕೊಡ್ಬ್ಯಾಡ ದೊಡ್ಡವ್ವ" ಅಂದೆ.

"ಮನೆ ಸೋರ್ತಾ ಅದೆ ಕನ್ಲಾ. ಹೆಂಚಿಗೆ ದುಡ್ಡು ನೀ ಕೊಟ್ಟೀಯಾ?"

ಲೆಕ್ಕ ಹಾಕಿದ್ದೇನೆ. ನಮ್ಮ ಆರ್ಕೆಸ್ಟ್ರಾದ ಮೂರು ಪ್ರೋಗ್ರಾಂ ದುಡ್ಡು ಬೇಕು, ಎರಡು ಗೊತ್ತಾಗಿವೆ. ರೆಸಾರ್ಟಿನವರು ಮತ್ತೆ ಬರೋದು ತಿಂಗಳ ಕೊನೆಗೆ. ಭಾನುವಾರ ಊರಿಗೆ ಹೋಗ್ತಿದ್ದೀನಿ. ತಂಬೂರಿಯ ಎರಡು ತಂತಿ ಕಿತ್ತುಹೋಗಿವೆಯಂತೆ. ತಂತಿ ಕೊಂಡಿದ್ದಾಯ್ತು, ದಾರ ದೊಡ್ಡವ್ವನ ಹೊಲಿಗೆ ಡಬ್ಬಿಯಲ್ಲೇ ಇರುತ್ತೆ.