ತಾತನ ಮಕ್ಕಳು ಎಷ್ಟು ಜನ?

ನಮ್ಮ ತಾತ ತೀರಿಕೊಂಡಿದ್ದು 1991ರಲ್ಲಿ. ಆದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಜಮೀನಿನ ಪಹಣಿಯಲ್ಲಿ, ಕಾಲಂ 9ರಲ್ಲಿ, ಮೊನ್ನೆಮೊನ್ನೆವರೆಗೂ ಅವರೇ ಮಾಲೀಕರು. ಅಪ್ಪ, ಚಿಕ್ಕಪ್ಪ ರಾಗಿ ಬೆಳೆದುಕೊಂಡಿದ್ದರು, ಯಾರೂ ಕೇಳಿರಲಿಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಎಕರೆ ಮಾತು ಹೋಗಿ ಗುಂಟೆ ಮಾತು ಶುರುವಾಯಿತು. ಹೋದ ವರ್ಷ ಲೇಔಟ್ ಮಾಡುವವರೊಬ್ಬರು ಅಡ್ವಾನ್ಸ್ ಹಿಡಿದು ಬಂದಾಗಲೇ ಮನೆಯವರಿಗೆ ಪೌತಿ ಖಾತೆಯ ನೆನಪಾಗಿದ್ದು. ಫೋನಲ್ಲಿ ಅರ್ಜಿ ತುಂಬೋದು ಗೊತ್ತಿರೋಳು ಅಂತ ಫೈಲು ನನ್ನ ಕೈಗೆ ಬಂತು.

ಲಾಯರ್ ಹತ್ತಿರ ಹೋಗುವ ಮುಂಚೆ ಇಂಟರ್ನೆಟ್ಟಲ್ಲಿ ಓದಿ ‘ಪ್ರೊಬೇಟ್’ ಅನ್ನೋ ಪದ ಕಲಿತಿದ್ದೆ. ಮೇಡಂ ನಕ್ಕರು. “ಅದು ಉಯಿಲು ನಿಜ ಅಂತ ಕೋರ್ಟು ಒತ್ತೋ ಮುದ್ರೆ. ಹಿಂದೂಗಳ ಉಯಿಲಿಗೆ ಅದು ಕಡ್ಡಾಯ ಅಂತಿದ್ದಿದ್ದು ಮುಂಬೈ, ಚೆನ್ನೈ, ಕೋಲ್ಕತ್ತದಂಥ ಕಡೆ, ನಮ್ಮಲ್ಲಲ್ಲ. ಅದಿರಲಿ, ನಿಮ್ಮ ತಾತ ಉಯಿಲೇ ಬರೆದಿಲ್ಲವಲ್ಲ!” ಆಮೇಲೆ ಒಂದು ಬಿಳಿ ಹಾಳೆ ತೆಗೆದು ಅಪ್ಪನನ್ನ ಕೇಳಿದರು, “ನಿಮ್ಮ ತಂದೆಗೆ ಎಷ್ಟು ಜನ ಮಕ್ಕಳು?”

“ಇಬ್ಬರು.”

“ಹೆಣ್ಣುಮಕ್ಕಳು?”

“ಇಬ್ಬರಿದ್ದಾರೆ. ಮದುವೆ ಮಾಡಿ ಕೊಟ್ಟಾಯ್ತಲ್ಲ ಮೇಡಂ.”

“ಮದುವೆ ಆದರೆ ಮಕ್ಕಳಲ್ಲದೆ ಹೋಗ್ತಾರಾ ಸಾರ್?”

ಹೆಣ್ಣುಮಕ್ಕಳಿಗೆ ಪಾಲು ಅನ್ನೋದು 2005ರಲ್ಲಿ ಬಂದ ಹೊಸ ವಿಷಯ ಅಂತಲೇ ನಮ್ಮೂರಲ್ಲಿ ಎಲ್ಲರ ನಂಬಿಕೆ. ನಮ್ಮದು ಎರಡು ಥರದ ಜಮೀನು. ಒಂದು ಪಿತ್ರಾರ್ಜಿತ. ಇನ್ನೊಂದು, ತಾತ ಮಗ್ಗದ ದುಡಿಮೆಯಲ್ಲಿ ಕೊಂಡ ಎರಡು ಎಕರೆ. ಸ್ವಂತಕ್ಕೆ ಕೊಂಡ ಜಮೀನಿನ ಯಜಮಾನ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಅನ್ನೋದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆಯಂತೆ. ಅಂದರೆ ತಾತ ಹೋದ ದಿನವೇ ಅತ್ತೆಯರ ಪಾಲು ಹುಟ್ಟಿತ್ತು. ಅಜ್ಜಿಯೂ ಈಗಿಲ್ಲ, ಹಾಗಾಗಿ ನಾಲ್ವರಿಗೂ ತಲಾ 20 ಗುಂಟೆ. ಪಿತ್ರಾರ್ಜಿತದ್ದು 2005ರ ತಿದ್ದುಪಡಿಯ ಲೆಕ್ಕ. ಆ ವರ್ಷ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗ ಪತ್ರ ಇದ್ದಿದ್ದರೆ ಮಾತು ಬೇರೆ. ನಮ್ಮಲ್ಲಿ ವಿಭಾಗವೇ ಆಗಿರಲಿಲ್ಲ.

ಮಧ್ಯವರ್ತಿ ಸುಲಭದ ದಾರಿ ತೋರಿಸಿದ: “ವಂಶವೃಕ್ಷದಲ್ಲಿ ಗಂಡುಮಕ್ಕಳದ್ದಷ್ಟೇ ಹಾಕ್ಸಿ, ಬೇಗ ಆಗುತ್ತೆ.” ಮೇಡಂ ಫೈಲು ಮುಚ್ಚಿ ಪಕ್ಕಕ್ಕಿಟ್ಟರು. ವಂಶವೃಕ್ಷಕ್ಕೆ ಪ್ರಮಾಣಪತ್ರ ಕೊಡಬೇಕು, ಸುಳ್ಳು ಬರೆದರೆ ಅದೇ ಅಪರಾಧ. ಖಾತೆ ಆದ ಮಾತ್ರಕ್ಕೆ ಜಮೀನು ನಮ್ಮದಾಗಲ್ಲ, ಅದು ಕಂದಾಯದ ದಾಖಲೆ ಅಷ್ಟೇ. ನಾಳೆ ಅತ್ತೆಯರ ಮಕ್ಕಳು ಪಾಲಿನ ದಾವೆ ಹಾಕಿದರೆ ಸೈಟು ಕೊಂಡವರೂ ಕೋರ್ಟು ಅಲೆಯಬೇಕು. ಇದನ್ನು ಕೇಳಿದ ಮೇಲೆ ಚಿಕ್ಕಪ್ಪ ಹೊಸ ಮಾತು ತೆಗೆದರು, “ಗೌರಿ ಹಬ್ಬಕ್ಕೆ ಬಂದಾಗ ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸ್ಕೊಳ್ಳೋಣ.” ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ, ಅವರು ಒಪ್ಪಿ ಬರೆದುಕೊಟ್ಟರೆ. ಒಪ್ಪಿದರೆ ಅನ್ನೋದರಲ್ಲೇ ಎಲ್ಲ ಇದೆ.

ದೊಡ್ಡತ್ತೆಗೆ ಫೋನ್ ಮಾಡಿ ಇದ್ದದ್ದನ್ನ ಇದ್ದ ಹಾಗೇ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. “ಗುಂಟೆ ಎಷ್ಟಾದ್ರೂ ಬರ್ಲಿ ಕಣವ್ವಾ. ಪಾಲು ತಗೊಂಡ್ರೆ ನಿಮ್ಮಪ್ಪ ಹಬ್ಬಕ್ಕೆ ಕರೀತಾನಾ? ತವರಿನ ಬಾಗಿಲು ಮುಚ್ಚಿಹೋದ್ರೆ ಆ ದುಡ್ಡು ಮಡಿಕ್ಕೊಂಡು ಏನ್ ಮಾಡ್ಲಿ?” ಈ ಪ್ರಶ್ನೆಗೆ ಲಾಯರ್ ಹತ್ತಿರವೂ ಉತ್ತರ ಇರಲಿಲ್ಲ. ಅಪ್ಪನಿಗೆ ಹಾಗೇ ಹೇಳಿದೆ. ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅಕ್ಕನಿಗೆ ತಾವೇ ಫೋನ್ ಮಾಡಿದರು. ಏನು ಮಾತಾಡಿದರೋ, ಹಿತ್ತಲಿಗೆ ಹೋಗಿ ಮಾತಾಡಿದರು.

ತಾತನ ಮರಣವೇ ನೋಂದಣಿಯಾಗಿರಲಿಲ್ಲ. ವರ್ಷ ದಾಟಿದ ಸಾವನ್ನು ದಾಖಲಿಸಲು ಪ್ರತ್ಯೇಕ ಆದೇಶ ಬೇಕು, ಅದಕ್ಕೇ ತಿಂಗಳುಗಳು ಹೋದವು. ನಾಡಕಚೇರಿಯಿಂದ ಬಂದ ವಂಶವೃಕ್ಷದಲ್ಲಿ ಈಗ ನಾಲ್ಕು ಹೆಸರಿವೆ. ಲೇಔಟಿನವರು ಕಾಯಲಿಲ್ಲ, ಪಕ್ಕದ ಸರ್ವೆ ನಂಬರಿಗೆ ಹೋದರು. ಚಿಕ್ಕಪ್ಪನಿಗೆ ಇನ್ನೂ ಸಿಟ್ಟಿದೆ. ಚಿಕ್ಕತ್ತೆ ತಮ್ಮ ಪಾಲು ದೊಡ್ಡತ್ತೆಯ ಪಾಲಿಗೆ ಅಂಟಿಕೊಂಡೇ ಇರಲಿ ಅಂದಿದ್ದಾರೆ. ವಿಭಾಗ ಪತ್ರಕ್ಕೆ ಬೇಕಾದ 11ಇ ನಕ್ಷೆಗೆ ಅರ್ಜಿ ಹಾಕಿದ್ದೇವೆ, ಸರ್ವೆಯರ್ ಬರುವ ದಿನ ಇನ್ನೂ ಗೊತ್ತಾಗಿಲ್ಲ. ಅವತ್ತು ಅಡುಗೆಗೆ ತಾವೇ ಬರ್ತೀವಿ ಅಂತ ಅತ್ತೆಯರಿಬ್ಬರೂ ಹೇಳಿ ಕಳಿಸಿದ್ದಾರೆ.