ಎರಡರಾಗ ಯಾವ್ದು?

ಹೈದರಾಬಾದಿನ ವನಸ್ಥಲಿಪುರಂನಲ್ಲಿ ನಾವು ಮನೆ ಕಟ್ಟಿಸಿದ್ದು 1994ರಲ್ಲಿ. ಬ್ಯಾಂಕಿನವರು ವರ್ಗ ಮಾಡಿ ಕಳಿಸಿದ್ದು ಮೂರು ವರ್ಷಕ್ಕೆ. ಮನೆ ಸಾಲದ ಕಂತು ತೀರುವ ಹೊತ್ತಿಗೆ ಊರಿನ ಹಂಬಲವೂ ಅರ್ಧ ತೀರಿತ್ತು. ಉಳಿದ ಅರ್ಧವನ್ನು ಕಾಪಾಡಿದ್ದು ಮನೆಯ ಹತ್ತಿರದ ಹರಿಣ ವನಸ್ಥಲಿ. ಒಂದು ಕಾಲಕ್ಕೆ ಅದು ನಿಜಾಮರ ಶಿಕಾರಿ ಜಾಗ. 1975ರಲ್ಲಿ, ಮಹಾವೀರರ ನಿರ್ವಾಣದ 2500ನೇ ವರ್ಷದ ನೆನಪಿಗೆ ಅವರ ಹೆಸರಿಟ್ಟು, ಕೃಷ್ಣಮೃಗಗಳಿಗೆ ಬಿಟ್ಟುಕೊಟ್ಟರು. ನಾನು ರಾಣೆಬೆನ್ನೂರು ಕಡೆಯವನು. ಅಲ್ಲಿ ಕೃಷ್ಣಮೃಗ ಹೊಲಕ್ಕೆ ನುಗ್ಗುವುದು, ಅಪ್ಪ ಅದರ ವಂಶವನ್ನೆಲ್ಲ ಬೈಯುವುದು ನಿತ್ಯದ ಮಾತು. ಇಲ್ಲಿ ಟಿಕೆಟ್ ತಗೊಂಡು ಅದನ್ನೇ ನೋಡಲು ಹೋಗುತ್ತೇನೆ. “ಊರಾಗ ಪುಕ್ಕಟೆ ಇತ್ತಲ್ರಿ” ಅಂತಾಳೆ ಮನೆಯವಳು.

ಮಗ ಇನ್ನೂ ದೂರ ಹೋದ, ಅಮೆರಿಕದ ವಿಸ್ಕಾನ್ಸಿನ್‌ಗೆ. ಅಲ್ಲಿ ಜಮೀನಿರುವ ಸಹೋದ್ಯೋಗಿಯೊಬ್ಬರು ಅವನಿಗೆ ಬಿಲ್ಲುಬೇಟೆ ಕಲಿಸಿದರು. ನಮ್ಮದು ಮಾಂಸ ತಿನ್ನುವ ಮನೆ, ಅಜ್ಜ ನಾಯಿ ಕಟ್ಟಿಕೊಂಡು ಮೊಲಕ್ಕೆ ಹೋಗುತ್ತಿದ್ದವರು; ಹಾಗಾಗಿ ಕೊಲ್ಲುವ ಬಗ್ಗೆ ಮಗನಿಗೆ ಉಪದೇಶ ಮಾಡುವ ಹಕ್ಕು ನನಗಿಲ್ಲ. ಇಲ್ಲಿ 1972ರ ಕಾಯ್ದೆ ಬಂದ ಮೇಲೆ ಶಿಕಾರಿ ಅಂದರೆ ಜೈಲು. ಅಲ್ಲಿ ಜಿಂಕೆ ಹೆಚ್ಚಾಗಿ ಬೆಳೆ ಹಾಳು, ರಸ್ತೆಯಲ್ಲಿ ಕಾರಿಗೆ ಅಡ್ಡ, ಆದ್ದರಿಂದ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ.

2023ರ ಅಕ್ಟೋಬರಿನಲ್ಲಿ ಒಂದು ದಿನ ಮಗ ಎರಡು ಫೋಟೋ ಕಳಿಸಿದ. ಮರಕ್ಕೆ ಕಟ್ಟಿದ ಕ್ಯಾಮೆರಾ ರಾತ್ರಿ ಹೊತ್ತು ತಾನೇ ತೆಗೆದದ್ದು. ಕೆಳಗೆ ಬರೆದಿದ್ದ: “ಅಪ್ಪಾ, ಎರಡರಾಗ ಯಾವ್ದು?”

ಬಿಲ್ಲಿನವರ ಸೀಸನ್ ಸೆಪ್ಟೆಂಬರ್ 16ಕ್ಕೇ ಶುರುವಾಗಿತ್ತು. ಮಗನ ಲೈಸೆನ್ಸಿಗೆ ಒಂದೇ ಗಂಡು. ಒಂದು ಹೊಡೆದರೆ ಆ ವರ್ಷದ ಲೆಕ್ಕ ಚುಕ್ತಾ.

ಮೊದಲನೆಯದು ಕಣ್ಣಿಗೆ ಹಬ್ಬ. ಕೊಂಬಿಗೆ ಐದೈದರಂತೆ ಹತ್ತು ತುದಿ, ಎರಡೂ ಕಡೆ ಅಳೆದು ಮಾಡಿದ ಹಾಗೆ. ಎರಡನೆಯದಕ್ಕೆ ಬಲಗೊಂಬು ಅರ್ಧಕ್ಕೆ ಮುರಿದಿತ್ತು, ಹೊಟ್ಟೆ ಜೋತಿತ್ತು, ಬೆನ್ನು ತಗ್ಗಿತ್ತು. ನಮ್ಮ ಕೃಷ್ಣಮೃಗದ ಕೊಂಬು ಜೀವಮಾನಕ್ಕೆ ಒಂದೇ. ಅಲ್ಲಿನ ಬಿಳಿಬಾಲದ ಜಿಂಕೆಗೆ ಪ್ರತಿ ವರ್ಷ ಉದುರಿ ಹೊಸದು ಬರುತ್ತದೆ. ಆದ್ದರಿಂದ ಕೊಂಬು ನೋಡಿ ವಯಸ್ಸು ಹೇಳಬಾರದಂತೆ, ಮೈ ನೋಡಬೇಕು. ಕಾಲು ಉದ್ದ ಕಂಡು ನಡು ಸಣ್ಣಗಿದ್ದರೆ ಹರೆಯ. ಎದೆ ಇಳಿದು ಕುತ್ತಿಗೆ ದಪ್ಪಗಿದ್ದರೆ ವಯಸ್ಸಾಗಿದೆ. ಮಗನ ಅಂದಾಜಿಗೆ ಹತ್ತು ಕೊಂಬಿನದಕ್ಕೆ ಮೂರು ವರ್ಷ, ಮುರುಕನಿಗೆ ಆರರ ಮೇಲೆ. ಐದಾರು ವರ್ಷಕ್ಕೆ ಗಂಡಿನ ಕೊಂಬು ಪೂರ್ತಿ ಬಲಿಯುತ್ತದೆ.

ಬಿಲ್ಲಿನ ಬೇಟೆಗೆ ಅಲ್ಲಿ ದಾಖಲೆ ಪುಸ್ತಕವೂ ಇದೆ. ಕೊಂಬನ್ನು 60 ದಿನ ಒಣಗಿಸಿ ಇಂಚಿನ ಲೆಕ್ಕದಲ್ಲಿ ಅಳೆಯುತ್ತಾರೆ. 125 ದಾಟಿದರೆ ಹೆಸರು ಸೇರುತ್ತದೆ. ಹತ್ತು ಕೊಂಬಿನದು ದಾಟುತ್ತದೆಂದು ಮಗನ ಆಸೆ. ಗೋಡೆಯ ಮೇಲೆ ಜಾಗವನ್ನೂ ನೋಡಿಟ್ಟಿದ್ದ ಅಂತ ಸೊಸೆ ಹೇಳಿದಳು.

ಮೂವತ್ತಾರು ವರ್ಷ ಸಾಲದ ಕಾಗದ ನೋಡಿದವನು ನಾನು. ಚೆನ್ನಾಗಿ ನಡೆಯುತ್ತಿರುವ ಖಾತೆಯನ್ನು ಯಾರಾದರೂ ಅರ್ಧದಲ್ಲಿ ಮುಚ್ಚುತ್ತಾರೇನು? “ಮುರುಕನ್ನ ಹೊಡಿ, ಹರೇದ್ದು ಇನ್ನೆರಡು ವರ್ಷ ಇರ್ಲಿ” ಅಂದೆ.

“ನಾ ಬಿಟ್ಟರ ಬೇಲಿ ಆಚೆಯವರು ಬಿಡ್ತಾರೇನಪ್ಪಾ?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನೋಡಿ. ಜಿಂಕೆ ಬೇಲಿ ಹಾರುತ್ತದೆ. ನವೆಂಬರ್ 18ರಿಂದ ಒಂಬತ್ತು ದಿನ ಬಂದೂಕಿನವರ ಸೀಸನ್. ಆಚೆಯವನಿಗೂ ಹತ್ತು ಕೊಂಬು ಹತ್ತೇ ಕಾಣುತ್ತದೆ. ಬ್ಯಾಂಕಿನಲ್ಲಾದರೆ ಅಡಮಾನ ಇರುತ್ತಿತ್ತು. ಇಲ್ಲಿ ಕಾಣದ ಊರಿನ ಕಾಣದ ಮನುಷ್ಯನ ಮೇಲೆ ಭರವಸೆ ಇಡು ಅಂತ ಮಗನಿಗೆ ಹೇಳುತ್ತಿದ್ದೆ. ಆದರೂ ಅದನ್ನೇ ಹೇಳಿದೆ.

ಬಿಲ್ಲಿಗೆ ಜಿಂಕೆ ಇಪ್ಪತ್ತು, ಇಪ್ಪತ್ತೈದು ಗಜದೊಳಗೆ ಬರಬೇಕು. ಗಾಳಿ ಇವನ ಕಡೆಯಿಂದ ಬೀಸಬಾರದು. ಎದುರಿಗೆ ಮುಖ ಮಾಡಿ ನಿಂತರೆ ಹೊಡೆಯಬಾರದು. ಪಕ್ಕೆ ಕೊಟ್ಟು ನಿಂತು ಬಾಣ ಎರಡೂ ಪುಪ್ಪುಸ ದಾಟುವಂತಿದ್ದರೆ ಮಾತ್ರ. ಇಲ್ಲದಿದ್ದರೆ ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳಿ ಸಾಯುತ್ತದೆ. ಮಗ ಮೂರು ಶನಿವಾರ ಮರದ ಮೇಲಿನ ಅಟ್ಟಣಿಗೆಯಲ್ಲಿ ಚಳಿ ತಿಂದ.

ನವೆಂಬರ್ 5ರ ಬೆಳಗಿನ ಜಾವ ಐದಕ್ಕೆ ಫೋನು. ಅವರಿಗದು ಹಿಂದಿನ ದಿನದ ಸಂಜೆ. ಗಾಬರಿಯಾಗಿ ಎತ್ತಿದೆ.

“ಹತ್ತು ಕೊಂಬಿಂದು ಬಂತಪ್ಪಾ. ಹದಿನೆಂಟು ಗಜ. ಪಕ್ಕೆ ಕೊಟ್ಟು ನಿಂತಿತ್ತು.”

“ಮುಂದ?”

“ಬಿಟ್ಟೆ.”

ಆಮೇಲೆ ಇಬ್ಬರೂ ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಅವನ ಉಸಿರು ಕೇಳಿಸುತ್ತಿತ್ತು.

ಮುಂದಿನ ವಾರ ಮುರುಕ ಬಂತು. ಒಂದೇ ಬಾಣ, ನೂರು ಹೆಜ್ಜೆ ಓಡಿ ಬಿತ್ತಂತೆ. ಮರುದಿನ ಸಂಜೆ ಐದರೊಳಗೆ ಸರ್ಕಾರಕ್ಕೆ ದಾಖಲು ಮಾಡಿಸಬೇಕು, ಮಾಡಿಸಿದ. ಅಲ್ಲಿನ ಜಿಂಕೆಗಳಲ್ಲಿ 2002ರಿಂದ ಮಿದುಳಿನ ರೋಗವೊಂದು ಕಾಣಿಸಿಕೊಂಡಿದೆ. ತಲೆಯನ್ನು ಪರೀಕ್ಷೆಗೆ ಕೊಟ್ಟು, ರೋಗವಿಲ್ಲ ಅಂತ ಬಂದ ಮೇಲೆಯೇ ಒಲೆ ಹಚ್ಚಿದರು. ಜಮೀನಿನವರಿಗೆ ಒಂದು ಪಾಲು ಹೋಯಿತು. ಸೊಸೆ ನಮ್ಮ ಕಡೆಯ ಮಸಾಲೆ ಹಾಕಿ ಮಾಡಿದ ಸಾರಿನ ಫೋಟೋ ಬಂತು. ಗೋಡೆಗೆ ಏನೂ ಏರಲಿಲ್ಲ.

ಹತ್ತು ಕೊಂಬಿನದರ ಕೊನೆಯ ಫೋಟೋ ನವೆಂಬರ್ 17ರ ರಾತ್ರಿಯದು. ಬೆಳಗಾದರೆ ಬಂದೂಕು. ಡಿಸೆಂಬರ್ ಪೂರ್ತಿ ಕ್ಯಾಮೆರಾದಲ್ಲಿ ಹೆಣ್ಣು ಜಿಂಕೆಗಳು, ಜಮೀನಿನವರ ನಾಯಿ, ಇಷ್ಟೇ. ಮಾರ್ಚ್‌ನಲ್ಲಿ ಹಿಮ ಕರಗಿದ ಮೇಲೆ ಮಗ ಉದುರಿದ ಕೊಂಬು ಸಿಕ್ಕೀತೇನೋ ಎಂದು ಎರಡು ದಿನ ಹುಡುಕಿದ, ಸಿಗಲಿಲ್ಲ. ಮನೆಯವಳು ಭಾನುವಾರದ ಫೋನಿನಲ್ಲಿ ಮೊಮ್ಮಗಳ ಕೆಮ್ಮು, ಸೊಸೆಯ ಕೆಲಸ ಎಲ್ಲ ವಿಚಾರಿಸಿ, ಇಡುವ ಮುಂಚೆ ತಪ್ಪದೆ ಕೇಳುತ್ತಾಳೆ: “ಆ ಹತ್ತು ಕೊಂಬಿಂದು ಬಂತೇನಪಾ?”